ಅಂಗೈ ತುಕ್ಕು

ಬೆವರು ಯಾರಿಗೆ ಬರುವುದಿಲ್ಲ, ಅದನ್ನೇನು ದೊಡ್ಡದು ಮಾಡುವುದು ಎನ್ನುವವರು ನಿವೇದಿತಾಳ ಅಂಗೈ ನೋಡಬೇಕಿತ್ತು. ಬೇಸಿಗೆ ಬೇಡ, ಓಟ ಬೇಡ, ಸುಮ್ಮನೆ ಫ್ಯಾನಿನ ಕೆಳಗೆ ಕೂತಿದ್ದರೂ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕಂಕುಳಿನ ಕಥೆ ಬೇರೆ. ದಿನಕ್ಕೆರಡು ಸ್ನಾನ, ಕಡಲೆಹಿಟ್ಟು, ನಿಂಬೆಹೋಳು, ಸ್ಫಟಿಕ, ಡಬ್ಬಿಗಟ್ಟಲೆ ಪೌಡರು, ಮಧ್ಯಾಹ್ನದ ಹೊತ್ತಿಗೆ ಎಲ್ಲ ನೀರಿನಲ್ಲಿ ಹೋಮ. ರಾಜಾಜಿನಗರದ ಡಾಕ್ಟರೊಬ್ಬರು ನಾಡಿ ಹಿಡಿದು, ತಮ್ಮ ಕೈ ಒರೆಸಿಕೊಂಡು, "ಮದುವೆ ಆದ್ರೆ ಸರಿಹೋಗುತ್ತಮ್ಮ" ಎಂದಿದ್ದರು. ಆ ಪುಣ್ಯಾತ್ಮರಿಗೆ ಹಲ್ಲುನೋವಿಗೂ ಮದುವೆಯೇ ಮದ್ದು. ಅವರು ಕೈ ಒರೆಸಿಕೊಂಡದ್ದನ್ನು ಮಾತ್ರ ಅವಳಿಗೆ ಮರೆಯಲಾಗಲಿಲ್ಲ.

ಇದನ್ನು ರೋಗವೆಂದು ಎಣಿಸದವಳು ಮನೆಯಲ್ಲಿ ಅಜ್ಜಿ ಮುದುಕವ್ವ ಒಬ್ಬಳೇ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಮೊಮ್ಮಗಳ ಎಡ ಅಂಗೈಯಲ್ಲಿಟ್ಟ ಇಷ್ಟಲಿಂಗ ಒದ್ದೆಯಾಗಿ ವಿಭೂತಿ ಕರಗಿದರೆ, "ಲಿಂಗಕ್ಕ ಬ್ಯಾರೆ ನೀರ ಯಾಕ ಬೇಕವಾ, ನಿನ್ನ ಅಂಗೈಯಾಗ ಐತಲ್ಲ" ಎನ್ನುತ್ತಿದ್ದಳು. ರಾಣೆಬೆನ್ನೂರಿನ ಹೆಂಗಸು, ಮಾತಿಗೆ ಬಡತನವಿಲ್ಲ. ನಿವೇದಿತಾ ನಕ್ಕುಬಿಡುತ್ತಿದ್ದಳು. ಆ ನಗು ಪೀಣ್ಯ ತಲುಪುವ ತನಕ ಉಳಿಯುತ್ತಿರಲಿಲ್ಲ.

ಪೀಣ್ಯದ ಆ ಕಾರ್ಖಾನೆಯಲ್ಲಿ ಗೇಜುಗಳು ತಯಾರಾಗುತ್ತಿದ್ದವು. ಗೇಜು ಅಂದರೆ ಬೇರೆ ಕಾರ್ಖಾನೆಯವರು ತಮ್ಮ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳುವ, ಮುಖ ಕಾಣುವಷ್ಟು ನುಣುಪಾದ ಉಕ್ಕಿನ ಬಿಲ್ಲೆಗಳು. ಡಿಪ್ಲೊಮಾ ಮುಗಿಸಿದ್ದ ನಿವೇದಿತಾಳಿಗೆ ಅವನ್ನು ಕೊನೆಯ ಸಲ ಅಳೆದು ಪಾಸು ಮಾಡುವ ಕೆಲಸ. ಎ.ಸಿ. ಕೋಣೆ, ಬಿಳಿ ಕೋಟು. ತೊಂಬತ್ತಾರನೇ ಇಸವಿಯ ಪೀಣ್ಯದಲ್ಲಿ ಹೆಣ್ಣುಮಗಳಿಗೆ ಅದಕ್ಕಿಂತ ಮರ್ಯಾದೆಯ ಕುರ್ಚಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ತಿಂಗಳು ಅವಳ ಕೆಲಸ ಖಾಯಂ ಆಗುವುದಿತ್ತು. ಹತ್ತಿಯ ಗ್ಲೌಸು ಹಾಕಿಕೊಂಡೇ ಬಿಲ್ಲೆ ಮುಟ್ಟಬೇಕೆಂಬುದು ನಿಯಮ. ಸ್ವಲ್ಪ ಹೊತ್ತಿಗೇ ಅದು ಹಿಂಡುವ ಹಾಗಾಗುತ್ತಿತ್ತು. ಯಾರಾದರೂ ನೋಡಿಯಾರೆಂದು ಬಿಚ್ಚಿಟ್ಟು ಬರಿಗೈಯಲ್ಲೇ ಅಳೆಯುತ್ತಿದ್ದಳು. ಆಗಾಗ ಕೈಯನ್ನು ಕೋಟಿಗೆ ಒರೆಸಿಕೊಂಡರಾಯಿತು ಎಂಬುದು ಅವಳ ಲೆಕ್ಕ.

ಲೆಕ್ಕ ತಪ್ಪಿತು. ಮಳೆಗಾಲದಲ್ಲಿ ಪುಣೆಗೆ ಹೋದ ಮಾಲು ವಾಪಸು ಬಂತು. ಬಿಲ್ಲೆ ಬಿಲ್ಲೆಯ ಮೇಲೂ ಕಂದು ಕಲೆ. ಸೂಪರ್‌ವೈಸರ್ ಸುಬ್ರಹ್ಮಣ್ಯ ಡಬ್ಬವನ್ನು ಮೇಜಿನ ಮೇಲೆ ಸುರಿದು ಅಂಜನಮ್ಮನನ್ನು ಕರೆಸಿದರು. ಪಾಸಾದ ಬಿಲ್ಲೆಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಕಾಗದ ಸುತ್ತುವವಳು ಈ ಅಂಜನಮ್ಮ.

"ಎಣ್ಣೆ ಉಳಿಸಿ ಮನೆಗೆ ಹೊತ್ಕೊಂಡು ಹೋಗ್ತೀಯೇನಮ್ಮ?"

"ಇಲ್ಲ ಸಾರ್. ಯಾವತ್ತೂ ಎಂಗೆ ಸವರ್ತೀನೋ ಅಂಗೇ ಸವರಿದ್ದೆ."

ಸುಬ್ರಹ್ಮಣ್ಯ ಕೆಟ್ಟ ಮನುಷ್ಯರಲ್ಲ, ಮೇಲಿನವರಿಗೆ ಉತ್ತರ ಹೇಳಬೇಕಾದವರು. ಶನಿವಾರದಿಂದಾಚೆಗೆ ಬೇರೆ ಕಡೆ ಕೆಲಸ ನೋಡಿಕೋ ಎಂದು ಹೇಳಿ, ಅಲ್ಲಿಯ ತನಕ ಅವಳನ್ನು ಅಂಗಳ ಗುಡಿಸಲು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎಲ್ಲರೂ ಚದುರಿದ ಮೇಲೆ ನಿವೇದಿತಾ ಒಂದು ಬಿಲ್ಲೆಯನ್ನೆತ್ತಿ ದೀಪಕ್ಕೆ ಹಿಡಿದಳು. ಅದು ಬರೀ ಕಲೆಯಲ್ಲ, ಹೆಬ್ಬೆರಳಿನ ಗುರುತು. ಗೆರೆಗೆರೆಯಾಗಿ, ಸುಳಿಯ ಸಮೇತ ಮೂಡಿತ್ತು. ಅವಳ ಬೆವರಿನ ಉಪ್ಪು ಮೊದಲೇ ಉಕ್ಕಿನ ಮೇಲೆ ಕೂತಿದ್ದರೆ ಆಮೇಲೆ ಎಷ್ಟು ಎಣ್ಣೆ ಬಳಿದರೇನು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿದಳು.

ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ. ಅದು ಹೋದರೂ ಹೋಗಲಿ, ನಾಳೆಯಿಂದ ಇಡೀ ಕಾರ್ಖಾನೆ "ಆ ಬೆವರೋ ಹುಡುಗಿ" ಎಂದು ಮೂಗು ಮುಚ್ಚಿಕೊಂಡು ಮಾತಾಡುತ್ತದಲ್ಲ, ಅದನ್ನು ನೆನೆದರೇ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಕಿಟಕಿಯಾಚೆ ಅಂಜನಮ್ಮ ತಲೆಗೆ ಸೆರಗು ಹೊದ್ದು ಗುಡಿಸುತ್ತಿದ್ದಳು. ಮೊದಲ ದಿನ ನಿವೇದಿತಾ ಪರದೆ ಎಳೆದಳು. ಮರುದಿನ ಪರದೆ ಎಳೆದರೂ ಪೊರಕೆಯ ಸದ್ದು ಕೇಳಿಸಿತು. ಅದರ ಮರುದಿನ ಊಟದ ಡಬ್ಬಿ ತೆರೆದವಳು ಹಾಗೆಯೇ ಮುಚ್ಚಿಟ್ಟು, ಹೋಗಿ ಸುಬ್ರಹ್ಮಣ್ಯರ ಮೇಜಿನ ಮುಂದೆ ನಿಂತಳು.

"ಸಾರ್, ಆ ಕಲೆ ನನ್ನ ಕೈದು. ನನ್ನ ಕೈ ತುಂಬಾ ಬೆವರುತ್ತೆ. ಗ್ಲೌಸ್ ಹಾಕಿರ್ಲಿಲ್ಲ. ಅಂಜನಮ್ಮಂದೇನೂ ತಪ್ಪಿಲ್ಲ."

ಹುಟ್ಟಿದಾಗಿನಿಂದ ಬಚ್ಚಿಟ್ಟ ಮಾತು ಅದು. ಸುಬ್ರಹ್ಮಣ್ಯ ಕನ್ನಡಕದ ಮೇಲಿನಿಂದ ನೋಡಿ ನಕ್ಕರು.

"ಪಾಪ ಅನ್ಸಿ ಹೇಳ್ತಿದೀರ. ಒಳ್ಳೆ ಮನಸ್ಸು ನಿಮ್ದು. ಆದ್ರೆ ಬೆವರಿಗೆಲ್ಲ ಉಕ್ಕು ತುಕ್ಕು ಹಿಡಿಯೋ ಹಾಗಿದ್ರೆ ಪೀಣ್ಯದಲ್ಲಿ ಒಂದು ಮಿಷನ್ನೂ ಉಳೀತಿರ್ಲಿಲ್ಲಮ್ಮ. ಹೋಗಿ, ಕೆಲಸ ನೋಡಿ."

ನಿವೇದಿತಾಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಮಾನ ಬಿಟ್ಟು ಹೇಳಿದರೂ ನಂಬದಿದ್ದರೆ ಏನು ಮಾಡುವುದು? ಹೊಳಪು ಕೊಟ್ಟ ಉಕ್ಕಿನ ಪಟ್ಟಿಯೊಂದನ್ನು ತಂದು ಮೇಜಿನ ಮೇಲಿಟ್ಟು, ಎಲ್ಲರ ಎದುರಿಗೇ ಐದೂ ಬೆರಳೂರಿದಳು. ಎತ್ತಿದಾಗ ನೀರು ಹನಿಯಿತು. "ನೀವೂ ಊರಿ ಸಾರ್" ಎಂದಳು. ಅವರು ಊರಿದರು. ಗ್ರೈಂಡಿಂಗ್ ಮಿಷನ್ನಿನ ಚಿಕ್ಕಬೈರಪ್ಪನೂ ತಮಾಷೆಗೆಂದು ಊರಿ, "ನಂದೂ ಬಂದ್ರೆ ನಂಗೂ ಎ.ಸಿ. ರೂಮ್ ಕೊಡ್ತೀರಾ ಸಾರ್?" ಎಂದ. ಪಟ್ಟಿಯನ್ನು ಸಿಂಕಿನ ಪಕ್ಕದ ತೇವದ ಕಪಾಟಿನಲ್ಲಿಟ್ಟರು.

ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನಿವೇದಿತಾ ತನ್ನ ಕೈಯನ್ನೇ ನೋಡಿಕೊಂಡಳು. ಒಣಗು ಮಾರಾಯ ಎಂದು ಇಷ್ಟು ವರ್ಷ ಗೋಗರೆದ ಅದೇ ಕೈಯನ್ನು, ಇದೊಂದು ಸಲ ಮೋಸ ಮಾಡಬೇಡ ಎಂದು ಬೇಡಿಕೊಂಡಳು.

ಕೈ ಮೋಸ ಮಾಡಲಿಲ್ಲ. ಬೆಳಿಗ್ಗೆ ಪಟ್ಟಿಯ ಮೇಲೆ ಅವಳ ಐದೂ ಬೆರಳು ಕಂದಾಗಿ ಅಚ್ಚೊತ್ತಿದ್ದವು. ಸುಬ್ರಹ್ಮಣ್ಯ, ಚಿಕ್ಕಬೈರಪ್ಪ ಮುಟ್ಟಿದ ಕಡೆ ಕನ್ನಡಿಯಷ್ಟು ಶುಭ್ರ. ಯಾರೂ ನಗಲಿಲ್ಲ. ಸುಬ್ರಹ್ಮಣ್ಯ ಅಂಗಳಕ್ಕೆ ಹೋಗಿ ಅಂಜನಮ್ಮನ ಕೈಯಿಂದ ಪೊರಕೆ ಇಸಿದುಕೊಂಡರು. ನಿವೇದಿತಾಳ ಕುರ್ಚಿ ಹೋಯಿತು. "ನಾಳೆಯಿಂದ ಗ್ರೈಂಡಿಂಗ್‌ಗೆ ಬನ್ನಿ. ಅಲ್ಲಿ ಮಿಷನ್ ಬಿಸಿ ಆಗದ ಹಾಗೆ ಕೂಲಂಟ್ ನೀರು ಸುರೀತಾನೇ ಇರುತ್ತೆ, ಎಲ್ಲರ ಕೈನೂ ಒದ್ದೆ. ಖಾಯಂ ವಿಷಯ ಮುಂದೆ ನೋಡೋಣ" ಎಂದರು. ಅವಳಿಗೆ ಬೇಸರವಾಯಿತು, ಆದರೂ ಎದೆ ಹಗುರವಾಯಿತು. ತಾನೊಂದು ದೊಡ್ಡ ಕೆಲಸ ಮಾಡಿದೆ ಎಂಬ ಹೆಮ್ಮೆಯೂ ಒಳಗೊಳಗೆ ಇತ್ತು, ಇಲ್ಲವೆನ್ನುವುದೇಕೆ.

ಸಂಜೆ ಬಸ್ಸಿನಲ್ಲಿ ಅಂಜನಮ್ಮನ ಪಕ್ಕ ಹೋಗಿ ಕೂತಳು. ಅಂಜನಮ್ಮ ಕೇಳಿದಳು:

"ಕಲೆ ನಿಂದೇ ಅಂತ ನಿಂಗೆ ಯಾವಾಗ ಗೊತ್ತಾಯ್ತವ್ವ?"

"ಡಬ್ಬ ಸುರಿದ ದಿನಾನೇ."

"ಅವತ್ತೇ." ಅಂಜನಮ್ಮ ತಲೆಯಾಡಿಸಿದಳು. "ಕಳ್ಳಿ ಅಂತ ಎಲ್ರೂ ನನ್ನ ಬ್ಯಾಗ್ ನೋಡವ್ರೆ. ನನ್ನ ಮಗಳೂ ಕೇಳಿದ್ಳು, ನಿಜವಾಗ್ಲೂ ಎಣ್ಣೆ ತಂದ್ಯೇನವ್ವ ಅಂತ." ಅಷ್ಟು ಹೇಳಿ ಎದ್ದು, ಎರಡು ಸಾಲು ಮುಂದೆ ಖಾಲಿಯಿದ್ದ ಒಂದೇ ಸೀಟಿಗೆ ಹೋಗಿ ಕೂತಳು.

ನಿವೇದಿತಾಳ ಪಕ್ಕದಿಂದ ಜನ ಎದ್ದು ಹೋಗುವುದು ಹೊಸದಲ್ಲ. ಪ್ರತಿ ಸಲವೂ ಅವಳು ಕತ್ತು ತಗ್ಗಿಸಿ, ಯಾರಿಗೂ ಕಾಣದ ಹಾಗೆ ತನ್ನ ಕಂಕುಳನ್ನು ಮೂಸಿ ನೋಡಿಕೊಳ್ಳುತ್ತಿದ್ದಳು. ಇವತ್ತು ಮೂಸಲಿಲ್ಲ. ಅಂಜನಮ್ಮ ಎದ್ದು ಹೋದದ್ದು ವಾಸನೆಗಲ್ಲ. ಬೆವರು ಅವಳು ಬೇಕೆಂದು ಮಾಡಿದ್ದಲ್ಲ. ಸುಮ್ಮನಿದ್ದದ್ದು ಬೇಕೆಂದೇ ಮಾಡಿದ್ದು. ಅದು ತಿಳಿದು ಅವಳಿಗೆ ನಾಚಿಕೆಯಾಯಿತು, ಈವರೆಗೆ ಪಟ್ಟ ನಾಚಿಕೆಯೆಲ್ಲ ಸುಳ್ಳೆನ್ನಿಸುವಂಥ ನಾಚಿಕೆ.

ಎದ್ದು ಮುಂದೆ ಹೋದಳು. ಬಸ್ಸಿನ ಮೇಲಿನ ಕಂಬಿಯನ್ನು ಅವಳು ಎಂದೂ ಹಿಡಿದವಳಲ್ಲ, ಕೈ ಎತ್ತಿದರೆ ಒದ್ದೆ ಕಂಕುಳು ಎಲ್ಲರ ಕಣ್ಣಿಗೂ ಮೂಗಿಗೂ ಬೀಳುತ್ತದೆಂಬ ಹೆದರಿಕೆ. ಈಗ ಕೈ ಎತ್ತಿ ಕಂಬಿ ಹಿಡಿದು ಅಂಜನಮ್ಮನ ಸೀಟಿನ ಪಕ್ಕ ನಿಂತಳು.

"ಹೆದರಿಬಿಟ್ಟೆ ಅಂಜನಮ್ಮ. ತಪ್ಪು ನಂದು."

ಅಂಜನಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಗೊರಗುಂಟೆಪಾಳ್ಯ ದಾಟಿತು, ಯಶವಂತಪುರ ಬಂತು. ಅವಳು ತಿರುಗಿ ನೋಡಲಿಲ್ಲ. ನಿವೇದಿತಾ ಕೈ ಇಳಿಸಲಿಲ್ಲ.