ಫಲಕದ ಬರಿದಾದ ಅರ್ಧ

ಅಪ್ಪ ತೀರಿಕೊಂಡ ಮೇಲೆ ಅವರಿಗೊಂದು ಹೊಸ ಹೆಸರು ಬೇಕಾಗಿತ್ತು. ನಮ್ಮಲ್ಲಿ ಸತ್ತವರಿಗೆ ಬೌದ್ಧ ಗುರುಗಳು ಹೊಸ ಹೆಸರು ಕೊಡುತ್ತಾರೆ. ನಲವತ್ತೊಂಬತ್ತನೆಯ ದಿನದೊಳಗೆ ಅದನ್ನು ಕಪ್ಪು ಅರಗಿನ ಫಲಕದಲ್ಲಿ ಕೆತ್ತಿಸಿ ಮನೆಯ ಬುದ್ಧನ ಗೂಡಿನಲ್ಲಿಡಬೇಕು. ಮುಂದೆ ಅಮ್ಮ ದಿನವೂ ಅನ್ನವಿಟ್ಟು ಕೈಮುಗಿಯುವುದು ಆ ಹೆಸರಿಗೇ.

ರ್‍ಯೋಕೆನ್ ಗುರುಗಳು ಮಂಡಿನೋವಿಗೆ ನರಳುತ್ತ ಕುಳಿತು ಹೆಸರು ಬರೆದ ಕಾಗದ ಬಿಡಿಸಿದರು. ಒಂದು ಅಕ್ಷರ ಅಪ್ಪನ ಹೆಸರಿನದು, ಇನ್ನೊಂದು ಗುರುಗಳೇ ಆರಿಸಿದ್ದು. ಅದನ್ನು ನೋಡಿ ಅಮ್ಮ ಚಹಾ ಕೆಳಗಿಟ್ಟಳು.

ಅಪ್ಪ ಆಯುಷ್ಯವೆಲ್ಲ ನಮ್ಮೂರು ತೊತ್ತೊರಿಯ ರೈಲ್ವೆ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ಓಡಿಸಿದವರು. ಗಿರಾಕಿ ಇಲ್ಲದಾಗ ಗಾಜಿನ ಹಿಂದೆ ಕೆಂಪಗೆ ಉರಿಯುತ್ತಿದ್ದ ಬೋರ್ಡಿನ ಮೊದಲ ಅಕ್ಷರ ಇದೇ, 'ಖಾಲಿ' ಎಂಬರ್ಥದ್ದು.

"ಬದುಕಿರೋವರ್ಗೂ ಖಾಲಿ ಅಂತ ಬೋರ್ಡು ಹಾಕ್ಕೊಂಡೇ ಕೂತಿದ್ರು. ಸತ್ತಮೇಲೂ ಅದೇನಾ ಗುರುಗಳೇ?" ಎಂದು ಕೇಳಿದಳು ಅಮ್ಮ.

ಅದೇ ಅಕ್ಷರ ಆಕಾಶವೂ ಹೌದು, ನಾವು ಪಠಿಸುವ ಸೂತ್ರದಲ್ಲಿ ಅದೇ ಶೂನ್ಯ, ಅಲ್ಲಿ ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ ಎಂದು ಗುರುಗಳು ವಿವರಿಸಿದರು. ಎಷ್ಟೋ ಮನೆಗಳಲ್ಲಿ ಹೇಳಿ ಸವೆದ ಮಾತಿನಂತಿತ್ತು.

"ಸೂತ್ರ ನಾನೂ ಹೇಳ್ತೀನಿ" ಎಂದಳು ಅಮ್ಮ. "ಮನೆಗೆ ಬಂದು ಬೂಟು ಬಿಚ್ಚೋಕೂ ಆಗ್ದೆ ಹೊಸ್ತಿಲಲ್ಲೇ ಕೂತ್ಬಿಡ್ತಿದ್ರಲ್ಲ, ಆಗ ಅವರಿಗೆ ಯಾವ ಆಕಾಶ ಕಾಣ್ತಿತ್ತು?"

ಬೇಡವಾದರೆ ಬದಲಿಸೋಣ ಎಂದರು ಗುರುಗಳು. ನಾನು ಕಾಗದವನ್ನೇ ನೋಡುತ್ತಿದ್ದೆ. ಅಕ್ಷರದ ಮೇಲ್ಭಾಗದ ಗುರುತಿಗೆ ಗವಿ ಎಂದರ್ಥ, ಕೆಳಭಾಗದ್ದಕ್ಕೆ ಕೆಲಸ. ಕತ್ತಲಲ್ಲಿ ಬಾಗಿ ಕುಳಿತ ಅಪ್ಪನ ಬೆನ್ನು ನೆನಪಾಯಿತು.

ಅಮ್ಮ ಬಂದರಿನಲ್ಲಿ ಏಡಿ ಬೇಯಿಸುವ ಶೆಡ್ಡಿನಲ್ಲಿ ದುಡಿದವಳು. ಈಗಲೂ ಅಂಗೈ ಮೂಸಿ ನೋಡಿಕೊಳ್ಳುವ ಅಭ್ಯಾಸ ಹೋಗಿಲ್ಲ. ಹಾಗೆ ಮೂಸುತ್ತಲೇ ಹೇಳಿದಳು:

"ಕೆಲಸ ಬಿಡೋ ಹೊತ್ಗೆ ಶೆಡ್ಡಿನ ಹತ್ರ ಟ್ಯಾಕ್ಸಿ ತರೋರು. ನಾತ ಹೊಡೀತೀನಿ, ಗಿರಾಕಿಗಳು ಬೈತಾರೆ, ಹತ್ತಲ್ಲ ಅಂತಿದ್ದೆ. 'ಖಾಲಿ ಇದೆಯಲ್ಲ, ಹತ್ತು' ಅನ್ನೋರು. ದಾರೀಲಿ ಯಾರು ಕೈ ಮಾಡಿದ್ರೂ ನಿಲ್ಲಿಸ್ತಿರ್ಲಿಲ್ಲ."

ಆಮೇಲೆ ನನ್ನತ್ತ ತಿರುಗಿ, ಫಲಕದ ಅಂಗಡಿಯವನಿಗೆ ಏನು ಹೇಳಿದ್ದೀಯ ಎಂದು ಕೇಳಿದಳು. ಒಬ್ಬರ ಫಲಕ ಎಂದೆ.

"ಗಂಡಹೆಂಡತಿ ಇಬ್ಬರದೂ ಸೇರಿದ್ದು ಮಾಡೋಕೆ ಹೇಳು. ಗುರುಗಳೇ, ಆ ಅಕ್ಷರ ಇರ್ಲಿ ಬಿಡಿ."

ಫಲಕ ಬಂತು. ಬಲಗಡೆ ಚಿನ್ನದ ಬಣ್ಣದಲ್ಲಿ ಅಪ್ಪನ ಹೆಸರು. ಎಡಗಡೆ ಅಮ್ಮನ ಹೆಸರಿಗೆಂದು ಬಿಟ್ಟ ಬರೀ ಕಪ್ಪು ಅರಗು. ಅಮ್ಮ ಬೆಳಿಗ್ಗೆ ಅನ್ನವಿಟ್ಟು, ಆ ಬರಿದಾದ ಅರ್ಧದ ಮೇಲೆ ಕೂತ ಧೂಳನ್ನು ಅಂಗಿಯ ತೋಳಿನ ತುದಿಯಿಂದ ಒರೆಸುತ್ತಾಳೆ.