ರೋಲರಿನ ಆಚೆ ಬದಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಕಾಲಿಟ್ಟರೆ ಸಾಕು, ಹಬೆ ಮುಖಕ್ಕೆ ರಾಚುತ್ತದೆ. ಅಲ್ಲೊಂದು ಸ್ಟೂಲಿನ ಮೇಲೆ ಟೀಚರ್ ಹದಿನಾಲ್ಕು ದಿನದಿಂದ ಕುಳಿತಿದ್ದರು. ಎದುರಿನ ಮೇಜಿನ ಬಳಿ ಗುಬ್ಬಚ್ಚಿ ದಿಂಬಿನ ಗವಸು ಮಡಿಸುತ್ತಿದ್ದಳು.

ಗುಬ್ಬಚ್ಚಿ ಅನ್ನುವುದು ಮನೆಯವರು ಕರೆಯುವ ಹೆಸರು. ವಯಸ್ಸು ಹತ್ತೊಂಬತ್ತು, ಎತ್ತರ ಟೀಚರ ಭುಜದವರೆಗೆ. ಬುದ್ಧಿ ನಿಧಾನ. ಓದು ತಲೆಗೆ ಹತ್ತಲಿಲ್ಲ, ಆದರೆ ಕೈಗೆ ಕೊಟ್ಟ ಕೆಲಸವನ್ನು ಅವಳಷ್ಟು ಚೊಕ್ಕವಾಗಿ ಮಾಡುವವರು ಆ ವಿಶೇಷ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಈ ವರ್ಷ ಅವಳ ಶಾಲೆ ಮುಗಿಯಿತು. ಶಾಲೆ ಮುಗಿದ ಮಕ್ಕಳು ಮನೆಯ ಮೂಲೆ ಹಿಡಿದು ಕುಳಿತುಬಿಡುವುದನ್ನು ಇಪ್ಪತ್ತು ವರ್ಷ ಕಂಡು ಕಂಡು ಟೀಚರ್ ರೋಸಿಹೋಗಿದ್ದರು. ಆಸ್ಪತ್ರೆಯವರ ಬೆನ್ನು ಬಿದ್ದು, ಗೋಗರೆದು, ಕೊನೆಗೆ ಜಗಳವನ್ನೇ ಆಡಿ ಹದಿನೈದು ದಿನ ನೋಡುತ್ತೇವೆ ಅನ್ನುವಂತೆ ಮಾಡಿದ್ದರು. ಹದಿನೈದನೆಯ ದಿನ ಕೋಣೆಯ ಮೇಸ್ತ್ರಿ ಹೂಂ ಅಂದರೆ ಕೆಲಸ, ಉಹೂಂ ಅಂದರೆ ಮೂಲೆ.

ಗುಬ್ಬಚ್ಚಿ ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಸವರಿ, ಮೂರು ಮಡಿಕೆ ಮಾಡಿ ಗವಸನ್ನು ಇಟ್ಟಳು. ಆಮೇಲೆ ಕೈಕಟ್ಟಿಕೊಂಡು ಟೀಚರ ಮುಖ ನೋಡಿದಳು.

"ಭೇಷ್," ಅಂದರು ಟೀಚರ್.

ಅವಳು ಇನ್ನೊಂದು ಗವಸು ಎತ್ತಿಕೊಂಡಳು.

ಇದನ್ನು ನೋಡುತ್ತ ನಿಂತಿದ್ದ ಮೇಸ್ತ್ರಿ ಹತ್ತಿರ ಬಂದರು. "ಮೇಡಂ, ಇವಳು ಒಂದೊಂದು ಬಟ್ಟೆಗೂ ಫೋಟೊ ತೆಗೆಸಿಕೊಳ್ಳೋರ ಥರ ನಿಂತುಬಿಡ್ತಾಳಲ್ಲ."

ಟೀಚರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಮಡಿಕೆ ನೋಡಿ ಮಾತಾಡಿ. ನಿಮ್ಮ ಕೋಣೇಲಿ ಇಷ್ಟು ನೀಟಾಗಿ ಮಡಿಸೋರು ಒಬ್ಬರನ್ನ ತೋರಿಸಿ."

"ಮಡಿಕೆಗೆ ಯಾರು ಹೆಸರಿಟ್ರು? ನಾನು ಕೇಳ್ತಿರೋದು ಬೇರೆ. ನಾನು ಕೆಲಸಕ್ಕೆ ತಗೋಬೇಕಾಗಿರೋದು ಒಬ್ಬರನ್ನೋ ಇಬ್ಬರನ್ನೋ?"

ಅಷ್ಟರಲ್ಲಿ ಟೀಚರಿಗೆ ಶಾಲೆಯಿಂದ ಫೋನು ಬಂತು. ಯಂತ್ರಗಳ ಗದ್ದಲದಲ್ಲಿ ಏನೂ ಕೇಳದೆ ಮೆಟ್ಟಿಲು ಹತ್ತಿ ಹೊರಗೆ ಹೋದರು. ಕಾಲು ಗಂಟೆ ಬಿಟ್ಟು ಬಂದಾಗ ಮೇಜಿನ ಮೇಲೆ ಮಡಿಸದ ಗವಸಿನ ರಾಶಿ ಗುಬ್ಬಚ್ಚಿಯ ಗಲ್ಲದವರೆಗೆ ಬೆಳೆದಿತ್ತು. ಅಷ್ಟು ಹೊತ್ತಿನಲ್ಲಿ ಅವಳು ಮಡಿಸಿದ್ದು ಒಂದೇ ಒಂದು. ಕೈಕಟ್ಟಿ, ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು.

"ನೀವು ಹೋದಾಗಿಂದ ಹೀಗೇ," ಅಂದಳು ದೊಡ್ಡಕ್ಕ. ಇಸ್ತ್ರಿಯ ದೊಡ್ಡ ರೋಲರ್ ನಡೆಸುವ ಹೆಂಗಸು, ಆ ಕೋಣೆಗೆಲ್ಲ ಹಿರಿಯಳು. "ಮುಂದಿಂದು ಮಡಿಸವ್ವ ಅಂದೆ. ನನ್ನ ನೋಡಿದ್ಲು, ಬಾಗಿಲು ನೋಡಿದ್ಲು. ನಿಮ್ಮ ಭೇಷ್ ಬರೋವರೆಗೆ ಕೈ ಏಳಲ್ಲ ಅವಳಿಗೆ."

ಟೀಚರ್ ಸ್ಟೂಲಿನ ಮೇಲೆ ದೊಪ್ಪನೆ ಕುಳಿತರು. ಹನ್ನೆರಡು ವರ್ಷ. ಗುಂಡಿ ಹಾಕಿಕೊಂಡರೆ ಭೇಷ್, ಲೋಟ ತೊಳೆದರೆ ಭೇಷ್, ಚಪ್ಪಲಿ ಜೋಡಿಸಿದರೆ ಭೇಷ್. ಆ ಮಾತಿನಿಂದಲೇ ಹುಡುಗಿ ಅರಳಿದ್ದಳು, ಸುಳ್ಳಲ್ಲ. ಆದರೆ ಕೆಲಸ ಮುಗಿದದ್ದು ಕೆಲಸದಿಂದಲ್ಲ, ಟೀಚರ ಬಾಯಿಂದ ಗೊತ್ತಾಗಬೇಕು ಅಂತ ಕಲಿಸಿದವರು ಯಾರು? ಬೈಯೋಣವೆಂದರೆ ಎದುರಿಗೆ ತಮ್ಮನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

"ಬೇಜಾರು ಮಾಡ್ಕೋಬೇಡಿ ಟೀಚರಮ್ಮ," ಅಂದಳು ದೊಡ್ಡಕ್ಕ. "ಈ ರೋಲರ್ ಮುಂದೆ ಇಪ್ಪತ್ತೆರಡು ವರ್ಷ ಸವೆಸಿದೀನಿ. ಒಂದು ದಿನವೂ ಯಾರೂ ನನಗೆ ಭೇಷ್ ಅಂದಿಲ್ಲ. ಅಂದಿದ್ರೆ ನಾನೂ ಕಾದು ನಿಲ್ತಿದ್ನೋ ಏನೋ."

"ನಾಳೆ ಒಂದೇ ದಿನ ಉಳಿದಿರೋದು. ಒಂದು ದಿನದಲ್ಲಿ ಏನು ಬಿಡಿಸಲಿ?"

"ಮೇಜು ಬಿಡಿಸಿ. ನನ್ನ ರೋಲರಿನ ಆಚೆ ಬದಿಗೆ ಜನ ಇಲ್ಲ. ಇಸ್ತ್ರಿ ಆಗಿ ಬಂದ ಬಟ್ಟೆ ಬುಟ್ಟಿಗೆ ಬಿದ್ದು ಮತ್ತೆ ಸುಕ್ಕಾಗ್ತಿದೆ. ಅಲ್ಲಿ ನಿಲ್ಲಿಸಿ ಅಂತ ಮೇಸ್ತ್ರಿ ಮೊದಲ ದಿನವೇ ಅಂದಿದ್ರು. ಸುಡತ್ತೆ, ಮಗು ಹೆದರತ್ತೆ ಅಂತ ರಂಪ ಮಾಡಿದವರು ನೀವೇ."

"ಸುಡಲ್ವಾ?"

"ಬಿಸಿ ಇರತ್ತೆ. ಸುಡಲ್ಲ. ರೋಲರಿಗೆ ಕೈ ತಾಗದ ಹಾಗೆ ತಡೆ ಇದೆ. ಒಂದು ಬಟ್ಟೆ ಹಿಡಿಯೋ ಹೊತ್ತಿಗೆ ಇನ್ನೊಂದು ಮೂಗಿನ ಮುಂದೆ ಬರತ್ತೆ. ಯಾರ ಮುಖ ನೋಡೋಕೂ ಪುರುಸೊತ್ತಿರಲ್ಲ. ನೀವು ಮಾತ್ರ ಒಳಗಿರಬೇಡಿ."

ಮರುದಿನ ಬೆಳಿಗ್ಗೆ ಬುಟ್ಟಿ ಸರಿಸಿ ಗುಬ್ಬಚ್ಚಿಯನ್ನು ರೋಲರಿನ ಆಚೆ ಬದಿಗೆ ನಿಲ್ಲಿಸಿ, ಎಲ್ಲಿ ಹಿಡಿಯಬೇಕು, ಎಲ್ಲಿ ಮುಟ್ಟಬಾರದು ಎಂದು ದೊಡ್ಡಕ್ಕ ಮೂರು ಸಲ ತೋರಿಸಿದಳು. ಟೀಚರ್ ಹೊರಗೆ ಹೋಗಿ ಬಾಗಿಲ ಗಾಜಿನಲ್ಲಿ ಇಣುಕಿದರು.

ಮೊದಲ ಗವಸು ಬಂತು. ಗುಬ್ಬಚ್ಚಿ ಹಿಡಿದಳು, ಮಡಿಸಿದಳು, ಇಟ್ಟಳು, ಕೈಕಟ್ಟಿದಳು. ಸ್ಟೂಲು ಖಾಲಿ. ಎರಡನೆಯದು ನೆಲಕ್ಕೆ ಬಿತ್ತು. ಮೂರನೆಯದು ಅದರ ಮೇಲೆ. ಅವಳು ಕೋಣೆಯೆಲ್ಲ ಕಣ್ಣಾಡಿಸಿದಳು; ಕೆಳತುಟಿ ಅದುರತೊಡಗಿತು. ನಾಲ್ಕನೆಯದೂ ಬಿತ್ತು. ಟೀಚರ ಕೈ ಬಾಗಿಲ ಹಿಡಿಯ ಮೇಲಿತ್ತು. ಒಳಗೆ ಮೇಸ್ತ್ರಿ ಬಿದ್ದ ಬಟ್ಟೆಗಳನ್ನೇ ನೋಡುತ್ತಿದ್ದರು. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು ಹೋಗಬೇಕು. ಹಿಡಿ ಅರ್ಧ ತಿರುಗಿತು. ಟೀಚರ್ ಹಲ್ಲು ಕಚ್ಚಿ ಕೈ ಹಿಂದಕ್ಕೆ ತೆಗೆದರು. ಒಳಗೆ ಹೋದರೆ ಎಲ್ಲ ಮುಗಿಯಿತು ಅನ್ನುವುದು ಅವರಿಗೆ ಗೊತ್ತಿತ್ತು.

ದೊಡ್ಡಕ್ಕ ತಲೆ ಎತ್ತಲಿಲ್ಲ, ರೋಲರನ್ನು ನಿಲ್ಲಿಸಲೂ ಇಲ್ಲ. "ಏ ಗುಬ್ಬಚ್ಚಿ, ಬರ್ತಿದೆ ನೋಡು," ಅಂದಳು ಅಷ್ಟೆ.

ಗುಬ್ಬಚ್ಚಿಗೆ ಕೋಪ ಬಂತು. ಹನ್ನೆರಡು ವರ್ಷದಲ್ಲಿ ಟೀಚರ್ ಅವಳ ಕೋಪ ಕಂಡದ್ದು ಕಡಿಮೆ. ಹುಬ್ಬು ಗಂಟಿಕ್ಕಿ, ಬಂದ ಗವಸನ್ನು ಕಿತ್ತುಕೊಂಡ ಹಾಗೆ ಎಳೆದು ಮಡಿಸಿದಳು. ಇಟ್ಟಳು. ಕೈಕಟ್ಟಲು ಹೋದಳು, ಅಷ್ಟರಲ್ಲಿ ಮುಂದಿನದು ಬಂತು. ಅದನ್ನೂ ಎಳೆದಳು. ಕೈಕಟ್ಟಲು ಬಿಡುವೇ ಸಿಗಲಿಲ್ಲ. ಹತ್ತಿಪ್ಪತ್ತು ಗವಸು ಆಗುವಷ್ಟರಲ್ಲಿ ಹುಬ್ಬಿನ ಗಂಟು ಸಡಿಲವಾಯಿತು. ಮಡಿಕೆ ಮೇಜಿನ ಮೇಲೆ ಮಾಡಿದಷ್ಟು ಚೊಕ್ಕವಾಗಿರಲಿಲ್ಲ. ಮೇಸ್ತ್ರಿ ಒಂದನ್ನು ಎತ್ತಿ ನೋಡಿ, ಮತ್ತೆ ಅಲ್ಲೇ ಇಟ್ಟು ಹೋದರು. ಗುಬ್ಬಚ್ಚಿ ಅವರ ಮುಖ ನೋಡಲಿಲ್ಲ.

ಊಟದ ಗಂಟೆಯಾಯಿತು. ಹೆಂಗಸರೆಲ್ಲ ಹೊರಗೆ ಬಂದರು. ಗುಬ್ಬಚ್ಚಿ ಟೀಚರನ್ನು ಕಂಡು ನಿಂತು, ಕೆಂಪಾದ ಅಂಗೈ ಚಾಚಿದಳು. "ಬಿಸಿ," ಅಂದಳು. ಟೀಚರ ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು. "ಹೌದು, ಬಿಸಿ," ಅಂದರು. ಅವಳು ದೊಡ್ಡಕ್ಕನ ಹಿಂದೆ ಓಡಿದಳು.

ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಬಂದರು. "ಮೇಡಂ, ನಾಳೆಯಿಂದ ಬರಬೇಡಿ."

ಟೀಚರಿಗೆ ಸಿಟ್ಟು ನೆತ್ತಿಗೇರಿತು. "ನಾಲ್ಕು ಬಟ್ಟೆ ಬಿದ್ದಿದ್ದಕ್ಕೆ ಹುಡುಗಿ ಬೇಡ್ವಾ ನಿಮಗೆ? ನಾಲ್ಕೇ ನಾಲ್ಕು?"

"ಆರು ಬಿತ್ತು. ಹುಡುಗಿ ಬೇಕು. ನೀವು ಬೇಡ."

ಟೀಚರ್ ಊಟಕ್ಕೆ ಕುಳಿತ ಹೆಂಗಸರನ್ನು ದಾಟಿ ಮೆಟ್ಟಿಲು ಹತ್ತಿದರು.

ಬಸ್ ನಿಲ್ದಾಣದಿಂದ ಹುಡುಗಿಯ ತಾಯಿಗೆ ಫೋನ್ ಮಾಡಿದರು. ಸುದ್ದಿ ಕೇಳಿ ಆಕೆ ಅಳುವುದೋ ನಗುವುದೋ ತಿಳಿಯದೆ ಕೇಳಿದಳು: "ನೀವೂ ಇಲ್ಲ ಅಂದ್ರೆ ಅವಳನ್ನ ಯಾರು ನೋಡ್ಕೋತಾರೆ ಟೀಚರ್?"

"ಯಾರೂ ನೋಡ್ಕೊಳ್ಳಲ್ಲಮ್ಮ. ಕೆಲಸಕ್ಕೆ ಹೋಗಿರೋದು ಅವಳು."

"ಊಟ ಮಾಡಿದ್ಲಾ?"

"ದೊಡ್ಡಕ್ಕನ ಡಬ್ಬಿಗೇ ಕೈ ಹಾಕಿದ್ದಾಳೆ," ಅಂದರು ಟೀಚರ್. "ನೀವು ತಿಂದ್ರಾ ಅಂತ ನನ್ನನ್ನ ಒಂದು ಮಾತು ಕೇಳಲಿಲ್ಲ, ಕತ್ತೆ." ಬಸ್ಸು ಬಂತೆಂದು ಸುಳ್ಳು ಹೇಳಿ ಫೋನ್ ಇಟ್ಟರು.