ಎಲಿಯಾಸ್ ಕೊಟ್ಟ ಸೊನ್ನೆ

ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಕೇಳಿದರೆ ನಮ್ಮ ಯಜಮಾನರು ತಬ್ಬಿಬ್ಬಾಗುತ್ತಾರೆ. ಒಂದು ದೇಶದ ಆಡಳಿತಕ್ಕೆ ನೂರಕ್ಕೆ ಎಷ್ಟು ಅಂಕ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ. ಅದಕ್ಕೇ ಅವರಿಗೆ ಸಂಬಳ. ಸಿಂಗಾಪುರದ ಟೋವಾ ಪಾಯೋದಲ್ಲಿರುವ ಸಂಶೋಧನಾ ಸಂಸ್ಥೆಯೊಂದರಲ್ಲಿ ಪದ್ಮನಾಭ ಎಂದರೆ ದೊಡ್ಡ ಹೆಸರು. ಆಫ್ರಿಕಾದ ಒಂದು ದೇಶದಲ್ಲಿ ಕೋರ್ಟು ನ್ಯಾಯ ಕೊಡುತ್ತಿದೆಯೆ, ಆಸ್ಪತ್ರೆಯಲ್ಲಿ ಔಷಧಿ ಸಿಗುತ್ತಿದೆಯೆ, ಜನ ಹೆದರದೆ ಬಾಯಿ ಬಿಡಬಹುದೆ ಎಂದು ವರ್ಷ ವರ್ಷವೂ ಅಳೆದು ಒಂದು ಗೆರೆ ಎಳೆಯುವುದು ಇವರ ಕೆಲಸ. ಆಡಳಿತ ಸುಧಾರಿಸಿದರೆ ಗೆರೆ ಮೇಲೇರುತ್ತದೆ, ಕೆಟ್ಟರೆ ಇಳಿಯುತ್ತದೆ. ದೇಶದ ಹೆಸರನ್ನು ಮಾತ್ರ ನಾನು ಹೇಳುವುದಿಲ್ಲ. ಅಲ್ಲಿ ನಮಗೆ ಬೇಕಾದವರಿದ್ದಾರೆ.

ಅಂಕ ಕೊಡುವವರು ಅಲ್ಲಿನವರೇ ಆದ ಮೇಷ್ಟರು, ವಕೀಲರು, ಡಾಕ್ಟರುಗಳು. ಕಾನೂನು ಕಾಲೇಜಿನ ಮೇಷ್ಟರಾದ ಎಲಿಯಾಸ್ ಅವರಲ್ಲೊಬ್ಬ. ಇವರಿಗಿಂತ ಚಿಕ್ಕವನು. ಹಿಂದೊಮ್ಮೆ ತರಬೇತಿಗೆಂದು ಸಿಂಗಾಪುರಕ್ಕೆ ಬಂದವನು ಹೋಟೆಲ್ ಬಿಟ್ಟು, ಪಾಸಿರ್ ರಿಸ್‌ನ ನಮ್ಮ ಮನೆಯಲ್ಲೇ ತಿಂಗಳೊಪ್ಪತ್ತು ಉಳಿದ. ನನ್ನನ್ನು ಅಕ್ಕ ಎನ್ನಲು ಕಲಿತ. ಪುಳಿಯೋಗರೆಯನ್ನು ಬೆರಳು ಚೀಪಿಕೊಂಡು ತಿಂದ ಪುಣ್ಯಾತ್ಮ. ಹೋಗುವಾಗ ಗೊಜ್ಜು ಕಟ್ಟಿಕೊಟ್ಟೆ. ಅದು ಮುಗಿದ ಮೇಲೆ ಅವನ ಹೆಂಡತಿ ಮಿರಿಯಂ ಫೋನ್ ಮಾಡಿ, ಮಾಡುವುದು ಹೇಗೆಂದು ಕೇಳಿದಳು. ಹಾಗೆ ನಮ್ಮಿಬ್ಬರಿಗೂ ಸ್ನೇಹವಾಯಿತು.

ಅವನು ಊರಿಗೆ ಹೊರಡುವ ಹಿಂದಿನ ಸಂಜೆ ಮೂವರೂ ಬೀಚ್ ಪಾರ್ಕಿನಲ್ಲಿ ಅಡ್ಡಾಡುತ್ತಿದ್ದೆವು. ಆಗ ಎಲಿಯಾಸ್ ನಗುತ್ತಲೇ ಒಂದು ಮಾತು ಹೇಳಿದ. ಅವನ ದೇಶದಲ್ಲಿ ಮೇಲ್, ಫೋನು ಎಲ್ಲವನ್ನೂ ಕದ್ದು ನೋಡುತ್ತಾರೆ, ಕೇಳುತ್ತಾರೆ. ಅಂಕಗಳು ಮಾತ್ರ ಯಾರ ಕಣ್ಣಿಗೂ ಬೀಳದೆ ನೇರ ಇಲ್ಲಿಗೆ ಬರುತ್ತವೆ. ಮುಂದೆ ತನ್ನ ಜೀವಕ್ಕೇ ಸಂಚಕಾರ ಬಂದರೆ ಏನೂ ಬರೆಯದೆ ಎಲ್ಲ ಪ್ರಶ್ನೆಗೂ ಸೊನ್ನೆ ಕೊಡುತ್ತೇನೆ, ನೀವು ಯಾವುದಾದರೂ ಸೆಮಿನಾರಿನ ನೆಪ ಮಾಡಿ ನಮ್ಮನ್ನು ಇಲ್ಲಿಗೆ ಕರೆಸಿಕೊಳ್ಳಬೇಕು ಎಂದ. ಇವರು ಅವನ ಬೆನ್ನು ತಟ್ಟಿ, ಟಿಕೆಟ್ ಬುಕ್ ಮಾಡುವುದು ನನ್ನ ಜವಾಬ್ದಾರಿ ಎಂದರು. ನಾನೂ ನಕ್ಕೆ.

ಆಮೇಲೆ ಎಲ್ಲ ತಣ್ಣಗಿತ್ತು. ಈ ವರ್ಷದ ವರದಿ ಹೊರಬಿದ್ದಾಗ ಆ ದೇಶದ ಗೆರೆ ಕೊಂಚ ಮೇಲೇರಿತ್ತು. ಇವರ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಅಲ್ಲಿನ ಸರ್ಕಾರ ಆ ಗೆರೆಯನ್ನು ಪತ್ರಿಕೆಗಳ ಮುಖಪುಟದಲ್ಲೇ ಹಾಕಿಸಿಕೊಂಡಿತಂತೆ. ಮಗಳು ಗಾರ್ಗಿ, “ಅಪ್ಪ, ನಿಮ್ ದೇಶ ಪಾಸ್ ಆಯ್ತು ಲಾ” ಎಂದು ಸಿಂಗಾಪುರದವರ ಧಾಟಿಯಲ್ಲಿ ರೇಗಿಸಿದಳು. ಇವರು ಉಬ್ಬಿಹೋದರು.

ಮುಂದಿನ ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಮಿರಿಯಂ ಫೋನ್ ಬಂತು. ಮತ್ತೆ ಗೊಜ್ಜಿನ ವಿಚಾರವಿರಬೇಕು ಎಂದುಕೊಂಡೆ. ಅವಳು ಗಡಿ ದಾಟಿ ಪಕ್ಕದ ದೇಶದಲ್ಲಿದ್ದ ಅಣ್ಣನ ಮನೆ ಸೇರಿಕೊಂಡಿದ್ದಳು. ಎಲಿಯಾಸ್‌ನನ್ನು ಕಾಲೇಜಿನಿಂದಲೇ ಎತ್ತಿಕೊಂಡು ಹೋಗಿದ್ದಾರೆ, ಎಲ್ಲಿಟ್ಟಿದ್ದಾರೆಂದು ಯಾರೂ ಹೇಳುತ್ತಿಲ್ಲ ಎಂದಳು. ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು. ಸೊನ್ನೆ ಕಳಿಸಿದ ಮೇಲೆ ಅವನು ವಾರಗಟ್ಟಲೆ ನಿಮ್ಮ ಆಹ್ವಾನಕ್ಕೆ ಕಾದ, ಪದ್ಮನಾಭ ಅದನ್ನು ನೋಡಲಿಲ್ಲವೆ?

ಒಲೆ ಆರಿಸಿದೆ. ಅವಳನ್ನು ಲೈನಿನಲ್ಲೇ ಇರಲು ಹೇಳಿ ಇವರನ್ನು ಕೇಳಿದೆ. ಸೊನ್ನೆ ಬಂದಿರಲು ಸಾಧ್ಯವೇ ಇಲ್ಲ, ಬಂದಿದ್ದರೆ ಗೆರೆ ಇಳಿಯುತ್ತಿತ್ತು ಎಂದು ವಾದಿಸುತ್ತಲೇ ಲ್ಯಾಪ್‌ಟಾಪ್ ತೆಗೆದರು. ತೆಗೆದವರು ಹಾಗೇ ಕೂತುಬಿಟ್ಟರು.

ಯಾರೊಬ್ಬರ ಅಂಕ ಉಳಿದವರಿಗಿಂತ ತೀರಾ ದೂರವಿದ್ದರೆ ಕಂಪ್ಯೂಟರ್ ಅದನ್ನು ತಾನಾಗಿಯೇ ಬದಿಗೆ ತಳ್ಳುತ್ತದೆ. ಒಬ್ಬನ ಸಿಟ್ಟಿಗೋ ಪ್ರೀತಿಗೋ ಗೆರೆ ವಾಲಬಾರದೆಂದು ಇವರೇ ಮಾಡಿದ ನಿಯಮ ಅದು. ಭೇಷ್ ಎನಿಸಿಕೊಂಡ ನಿಯಮ. ಈ ಸಲ ಉಳಿದವರೆಲ್ಲ ಹೆದರಿಕೊಂಡು ಹೋದ ವರ್ಷದ ಅಂಕಗಳನ್ನೇ ಕೊಂಚ ಏರಿಸಿ ಕೊಟ್ಟಿದ್ದರು. ಎಲಿಯಾಸ್‌ನ ಸೊನ್ನೆಗಳು ಬದಿಗೆ ತಳ್ಳಿದ ರಾಶಿಯಲ್ಲಿ ಎರಡು ತಿಂಗಳಿಂದ ಬಿದ್ದಿದ್ದವು.

“ಕೊಟ್ಟ ಮಾತು ನೆನಪಿರ್ಲಿಲ್ವೇನ್ರೀ?” ಎಂದೆ.

“ನೆನಪಿತ್ತು ಶಾಮಲಾ. ಪ್ರತಿ ವರ್ಷ ಮೊದ್ಲು ಗೆರೆ ನೋಡ್ತಿದ್ದೆ. ಇಳಿದಿಲ್ಲ ಅಂದ್ರೆ ಎಲಿಯಾಸ್ ಚೆನ್ನಾಗಿದಾನೆ ಅಂದ್ಕೋತಿದ್ದೆ.”

ಏನು ಬಯ್ಯಲಿ ಈ ಮನುಷ್ಯನನ್ನು? ಮರೆತಿದ್ದರೆ ಬಯ್ಯಬಹುದಿತ್ತು. ಅಂಕ ನಮ್ಮ ಕೈಗೆ ಬರಲೇ ಇಲ್ಲ, ನೆಟ್‌ವರ್ಕ್ ಸರಿ ಇರಲಿಲ್ಲ ಎಂದು ಮಿರಿಯಂಗೆ ಸುಳ್ಳು ಹೇಳಲು ನನ್ನ ನಾಲಿಗೆ ತಯಾರಾಗಿತ್ತು. ಅಷ್ಟರಲ್ಲಿ ಇವರು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಬಂದಿತ್ತು, ನಾನು ನೋಡಲಿಲ್ಲ ಎಂದರು. ಬೇರೆ ಯಾರಾದರೂ ನೋಡಿದ್ದಾರೆಯೆ ಎಂದು ಅವಳು ಕೇಳಿದಳು. ಇಲ್ಲ ಎಂದರು. ಕೊನೆಗೆ ಅವಳು, ಈಗಲಾದರೂ ಅದನ್ನು ಲೆಕ್ಕಕ್ಕೆ ಸೇರಿಸಿ, ಅವನು ಸುಳ್ಳು ಅಂಕ ಕೊಟ್ಟಿರಲಿಲ್ಲ ಎಂದು ಹೇಳಿ ಫೋನ್ ಇಟ್ಟಳು.

ಇವರು ತಮ್ಮ ನಿಯಮವನ್ನು ತೆಗೆದುಹಾಕಿ, ಸೊನ್ನೆಗಳನ್ನು ಸೇರಿಸಿ, ಗೆರೆಯನ್ನು ಮತ್ತೆ ಎಳೆದರು. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಎಲ್ಲೋ ಚೂರು ಇಳಿದಿತ್ತು. ಹೋದ ವರ್ಷಕ್ಕಿಂತ ಇನ್ನೂ ಮೇಲೇ ಇತ್ತು.

“ಇಷ್ಟೇನಾ?”

“ಅಷ್ಟೊಂದು ಜನದಲ್ಲಿ ಅವನೊಬ್ಬನೇ ಅಲ್ವಾ. ಇಷ್ಟೇ.”

ಕಾವಲಿಯ ಮೇಲಿದ್ದ ದೋಸೆ ಆರಿ ಹಪ್ಪಳವಾಗಿತ್ತು. ಅದನ್ನು ಎತ್ತಿ ಹಾಕಿ ವಾಪಸು ಬಂದಾಗ ಇವರು ಏನನ್ನೋ ಟೈಪ್ ಮಾಡುತ್ತಿದ್ದರು. ಎಲಿಯಾಸ್‌ಗೂ ಮಿರಿಯಂಗೂ ಸೆಮಿನಾರಿನ ಆಹ್ವಾನ. ವಿಷಯ, ಜಾಗ, ಉಳಿದುಕೊಳ್ಳಲು ನಮ್ಮ ಮನೆಯ ವಿಳಾಸ ಎಲ್ಲ ಬರೆದಾಗಿತ್ತು. ಅಲ್ಲಿಗೆ ಬಂದು ಕೈ ನಿಂತಿತ್ತು.

“ತಾರೀಖು ಯಾವುದು ಹಾಕ್ಲಿ?” ಎಂದು ನನ್ನನ್ನು ಕೇಳಿದರು.

ನಾನು ಅವರ ಪಕ್ಕದಲ್ಲಿ ಕೂತೆ.